ಕೆಳಗಿಟ್ಟರೆ ಅಳುವ ಕೂಸು ಮತ್ತು ಹಾಸನ ಸೀಮೆಯ ಬಾಣಂತನ

ಎತ್ತಿಕೊಂಡಾಗ ನೆಮ್ಮದಿಯಾಗಿ ನಿದ್ದೆಹೋಗಿ, ಹಾಸಿಗೆಗೆ ಇಟ್ಟ ಕೂಡಲೇ ಎಚ್ಚೆತ್ತು ಅಳುವುದು ಮೊದಲ ಎರಡು ಮೂರು ತಿಂಗಳ ಕೂಸುಗಳಲ್ಲಿ ತೀರಾ ಸಾಮಾನ್ಯ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳಲ್ಲಿ ಇದನ್ನು ನಿಭಾಯಿಸುತ್ತ ಬಂದಿರುವುದು ಬಾಣಂತನ: ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳು, ಅವಳ ತಾಯಿ, ಅಜ್ಜಿ, ಚಿಕ್ಕಮ್ಮ, ಕೂಸಿಗೆ ನೀರೆರೆಯಲು ಬರುವ ಹೆಂಗಸು, ಹಳೆ ಸೀರೆಯ ಜೋಲಿ, ನಾಮಕರಣದ ದಿನ ಕೂಸನ್ನು ಹಾಕುವ ತೊಟ್ಟಿಲು. ಕೂಸಿನ ನಿದ್ದೆಯ ಮಟ್ಟಿಗೆ ನೋಡಿದರೆ ಈ ಪದ್ಧತಿ ಹಗಲಿನಲ್ಲಿ ಗಟ್ಟಿ, ರಾತ್ರಿಯಲ್ಲಿ ಸೊರಗಿದ್ದು.

ಕೂಸು ಹಟ ಮಾಡುತ್ತಿಲ್ಲ. ಅದು ದಿನಕ್ಕೆ ಸುಮಾರು 14ರಿಂದ 17 ಗಂಟೆ ಮಲಗುತ್ತದೆ, ಆದರೆ ತುಂಡುತುಂಡಾಗಿ. ನಿದ್ದೆಯ ಹೆಚ್ಚುಕಡಿಮೆ ಅರ್ಧಭಾಗ ಹಗುರವಾದದ್ದು. ಕಣ್ಣುಗುಡ್ಡೆ ಹೊರಳುತ್ತವೆ, ಕೈಕಾಲು ಅದುರುತ್ತವೆ. ಹಗಲು ರಾತ್ರಿಯ ಲಯ ಮೂಡಲು ಎರಡು ಮೂರು ತಿಂಗಳು ಬೇಕು. ತಲೆ ಹಿಂದಕ್ಕೆ ವಾಲಿದಂತಾದರೆ ಕೈ ಚಾಚಿ ಬೆಚ್ಚಿಬೀಳುವ ಪ್ರತಿಕ್ರಿಯೆ ಹುಟ್ಟಿನಿಂದಲೇ ಬಂದಿರುತ್ತದೆ. ಕೆಳಗಿಡುವಾಗ ಆಗುವುದು ಅದೇ. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನು ಹಾಸಿಗೆಗೆ ತಾಗುವ ಮೊದಲೇ, ತಾಯಿಯ ಮೈಯಿಂದ ಬೇರ್ಪಡತೊಡಗಿದಾಗಲೇ ಕೂಸಿನ ಹೃದಯಬಡಿತ ಏರುವುದು ಕಂಡುಬಂತು.

‘ಎತ್ತೆತ್ತಿ ಅಭ್ಯಾಸ ಮಾಡಿಸಬೇಡ’ ಎಂಬ ಮಾತು ಈ ಸೀಮೆಯ ಎಲ್ಲ ಬಾಣಂತಿಯರ ಕಿವಿಗೂ ಬೀಳುತ್ತದೆ. ಹಸುಗೂಸಿನ ವಿಷಯದಲ್ಲಿ ಅದು ತಪ್ಪು. 1986ರಲ್ಲಿ ಕೆನಡಾದಲ್ಲಿ ಹುಂಜಿಕರ್ ಮತ್ತು ಬಾರ್ ನಡೆಸಿದ ಅಧ್ಯಯನದಲ್ಲಿ, ಅಳು ಹೆಚ್ಚಿರುವ ಆರನೇ ವಾರದ ಹೊತ್ತಿಗೆ, ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳು ಉಳಿದವಕ್ಕಿಂತ ಶೇಕಡಾ 43ರಷ್ಟು ಕಡಿಮೆ ಅತ್ತವು. ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಬರಿಯ ಎದೆಗೆ ಕಟ್ಟುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಗಿ ಈಗ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಾಗಿದೆ. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳು ಮತ್ತು ಹಳ್ಳಿಗಳಲ್ಲಿ ಅದನ್ನು ವ್ಯಾಪಕವಾಗಿ ಜಾರಿಗೆ ತರುವ ಕೆಲಸ ನಡೆದಿದೆ. ಎದೆಯ ಬಿಸಿ ಆಸ್ಪತ್ರೆಯಲ್ಲಿ ಔಷಧವಾಗಿ ಮನೆಯಲ್ಲಿ ಕೆಟ್ಟ ಚಾಳಿಯಾಗುವುದು ಹೇಗೆ?

ವಿಚಿತ್ರವೆಂದರೆ, ಬಾಯಲ್ಲಿ ಬೇಡವೆನ್ನುವ ಮನೆಯೇ ನಡೆಯಲ್ಲಿ ಅದನ್ನು ಮಾಡುತ್ತದೆ. ಹಗಲಿಡೀ ಕೂಸು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಹೋಗುತ್ತಿರುತ್ತದೆ. ಅಜ್ಜಿ ಕಾಲು ಚಾಚಿ ಕೂತು ಮೊಣಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಾಳೆ. ಬಾಣಂತಿ ಅಷ್ಟರಲ್ಲಿ ಉಂಡು ಒಂದು ನಿದ್ದೆ ತೆಗೆಯುತ್ತಾಳೆ. ಎತ್ತಿಕೊಳ್ಳುವುದು ತಾಯಿಯೊಬ್ಬಳ ಕೆಲಸವಲ್ಲ, ಮನೆಯ ಕೆಲಸ ಎಂಬ ಈ ತಿಳಿವಳಿಕೆಗೆ ಸಾಟಿಯಾದದ್ದನ್ನು ಕೂಸಿನ ನಿದ್ದೆಯ ಬಗ್ಗೆ ಬರೆದ ಹೊಸ ಪುಸ್ತಕಗಳು ಕೊಟ್ಟಿಲ್ಲ. ಎಣ್ಣೆ ಹಚ್ಚಿ ಬಿಸಿನೀರೆರೆದ ಮೇಲೆ ಕೂಸು ಸುಖವಾಗಿ ಮಲಗುವುದೂ ನಿಜ. ಆದರೆ ಮುಚ್ಚಿದ ಕೋಣೆಯ ಸಾಂಬ್ರಾಣಿ ಹೊಗೆ ಎಳೆ ಶ್ವಾಸಕೋಶಕ್ಕೆ ಕೆಡುಕು. ಜೇನನ್ನು ಒಂದು ವರ್ಷ ತುಂಬುವವರೆಗೂ ಕೊಡಬಾರದು; ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್ ಇವಕ್ಕೆ ಆರು ತಿಂಗಳೊಳಗೆ ಜಾಗವೇ ಇಲ್ಲ. ಆವರೆಗೆ ಎದೆಹಾಲೊಂದೇ ಸಾಕು.

ಜೋಲಿಯ ವಿಚಾರ ಇಷ್ಟು ಸಲೀಸಲ್ಲ. ತೊಲೆಗೆ ಕಟ್ಟಿದ ಸೀರೆ ಕೂಸನ್ನು ಸುತ್ತಲಿಂದ ಒತ್ತಿ ಹಿಡಿಯುತ್ತದೆ, ತೂಗಾಟ ನಡಿಗೆಯಂತೆಯೇ ಇರುತ್ತದೆ; ಅದಕ್ಕೇ ಅದು ಕೈಗೆ ಬದಲಿಯಾಗಿ ಇಷ್ಟು ಚೆನ್ನಾಗಿ ಒದಗುತ್ತದೆ. ದೋಷವಿರುವುದೂ ಆ ಸೀರೆಯ ಬಾಗಿನಲ್ಲೇ. ಹಸುಗೂಸಿನ ಕುತ್ತಿಗೆಗೆ ಬಲವಿಲ್ಲ. ಬೆನ್ನು ಬಾಗಿದಾಗ ಗದ್ದ ಎದೆಗೆ ಒತ್ತಿ ಉಸಿರುದಾರಿ ಕಿರಿದಾಗುತ್ತದೆ. ಮಗ್ಗುಲಾದರೆ ಬಟ್ಟೆ ಮೂಗಿಗೆ ಅಂಟುತ್ತದೆ. ಇಷ್ಟಾದರೂ ಸದ್ದಾಗುವುದಿಲ್ಲ. ಎಚ್ಚರವಿರುವವರ ಕಣ್ಣೆದುರು ಸ್ವಲ್ಪ ಹೊತ್ತು ತೂಗಿ, ನಿದ್ದೆ ಹತ್ತಿದ ಮೇಲೆ ಸಮತಟ್ಟಾದ ಹಾಸಿಗೆಗೆ ಬದಲಿಸಬಹುದು. ರಾತ್ರಿಯಿಡೀ ಜೋಲಿಯಲ್ಲೇ ಬಿಡುವುದನ್ನು ನಿಲ್ಲಿಸಬೇಕು. ತಳ ಗಟ್ಟಿಯಾಗಿ ಸಮವಾಗಿರುವ ಮರದ ತೊಟ್ಟಿಲು ಇದಕ್ಕಿಂತ ಮೇಲು. ತಲೆ ದುಂಡಗಾಗಲೆಂದು ಇಡುವ ಸಾಸಿವೆ ಅಥವಾ ರಾಗಿಯ ದಿಂಬು ಬೇಡ.

ರಾತ್ರಿ ಹನ್ನೊಂದರ ಹೊತ್ತಿಗೆ ಹಗಲಿನ ಕೈಗಳೆಲ್ಲ ಮಲಗಿರುತ್ತವೆ. ಬಾಣಂತಿಕೋಣೆಯಲ್ಲಿ ಉಳಿಯುವುದು ಹೊಲಿಗೆ ಮಾಗದ ತಾಯಿ ಮತ್ತು ಕೆಳಗಿಡಲಾಗದ ಕೂಸು. ಅವಳು ಗೋಡೆಗೊರಗಿ ಕೂತಲ್ಲೇ ತೂಕಡಿಸುತ್ತಾಳೆ. ಅಪಾಯವಿರುವುದು ಈ ತೂಕಡಿಕೆಯಲ್ಲಿ. ಸೋಫಾ ಅಥವಾ ಕುರ್ಚಿಯಲ್ಲಿ ಕೂಸನ್ನು ಹಿಡಿದು ನಿದ್ದೆಹೋಗುವುದು ಹಾಸಿಗೆಯಲ್ಲಿ ಪಕ್ಕ ಮಲಗಿಸಿಕೊಳ್ಳುವುದಕ್ಕಿಂತಲೂ ಹೆಚ್ಚು ಅಪಾಯಕಾರಿ. ಪದ್ಧತಿ ಇಲ್ಲಿ ತಿದ್ದಿಕೊಳ್ಳಬೇಕು: ರಾತ್ರಿಗೂ ಪಾಳಿ ಬೇಕು. ಹಾಲು ಕುಡಿಸಿದ ಮೇಲೆ ಎರಡು ಮೂರು ಗಂಟೆ ಅಜ್ಜಿಯೋ ಕೂಸಿನ ಅಪ್ಪನೋ ಎಚ್ಚರವಿದ್ದು ಹಿಡಿದುಕೊಂಡರೆ ತಾಯಿಗೆ ಒಂದು ಇಡೀ ನಿದ್ದೆ ಸಿಗುತ್ತದೆ. ಬಾಣಂತನದಲ್ಲಿ ಅಪ್ಪ ಬಂದುಹೋಗುವ ನೆಂಟನಾಗಿರುವುದು ಈ ಪದ್ಧತಿಯ ದೊಡ್ಡ ಕೊರತೆ.

ಕೆಳಗಿಡುವುದಕ್ಕೂ ಒಂದು ಕ್ರಮವಿದೆ. ಕುರೋಡಾ ಅವರ ಅಧ್ಯಯನದಂತೆ, ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ಓಡಾಡಿ, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಕೂತು, ನಂತರ ಮಲಗಿಸಬೇಕು. ಕಾಲು ಮೊದಲು, ಆಮೇಲೆ ಸೊಂಟ, ಕೊನೆಗೆ ತಲೆ ತಾಗುವಂತೆ ಇಳಿಸಿ, ಎದೆಯ ಮೇಲೆ ಅಂಗೈ ಕ್ಷಣಹೊತ್ತು ಇಟ್ಟರೆ ಬೆಚ್ಚುವುದು ತಗ್ಗುತ್ತದೆ. ಬಟ್ಟೆ ಸುತ್ತುವುದಾದರೆ ತೋಳಿನ ಬಳಿ ಬಿಗಿ, ಸೊಂಟದ ಬಳಿ ಸಡಿಲ. ಕಾಲು ನೆಟ್ಟಗೆ ಎಳೆದು ಕಟ್ಟಿದರೆ ಸೊಂಟದ ಕೀಲು ಜಾರಬಹುದು. ಮಗ್ಗುಲಾಗಲು ಹವಣಿಸುವ ಹೊತ್ತಿಗೆ ಸುತ್ತುವುದನ್ನು ಬಿಡಬೇಕು. ಮಲಗಿಸುವುದು ಯಾವಾಗಲೂ ಅಂಗಾತ, ತಾಯಿಯ ಕೋಣೆಯಲ್ಲೇ, ಕೈಗೆಟುಕುವ ದೂರದಲ್ಲಿ, ಬೇರೆ ಹಾಸಿಗೆಯಲ್ಲಿ. ಚಾಪೆಯ ಮೇಲೆ ಮಡಿಸಿ ಹಾಸಿದ ಜಮಖಾನ ಈಗಿನ ಮೆತ್ತನೆಯ ಫೋಮ್ ಹಾಸಿಗೆಗಿಂತ ಒಳ್ಳೆಯದು.

ತವರಿನ ಬಲವಿಲ್ಲದ ಮನೆಗಳು ಹೆಚ್ಚುತ್ತಿವೆ. ಹಾಸನದ ಬಾಡಿಗೆ ಮನೆಗಳಲ್ಲಿ ಗಂಡಹೆಂಡಿರಿಬ್ಬರೇ ಕೂಸು ಸಾಕುವುದು ಈಗ ಸಾಮಾನ್ಯ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿದರೂ ಖಾಸಗಿ ಕೆಲಸದ ಗಂಡಸಿಗೆ ಅಂಥ ಹಕ್ಕಿಲ್ಲ. ಇಂಥವರಿಗೆ ಮನೆಬಾಗಿಲಿಗೆ ಬರುವ ನೆರವೆಂದರೆ ಆಶಾ ಕಾರ್ಯಕರ್ತೆ. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಆಕೆ ಭೇಟಿ ಕೊಡಬೇಕು. ತೂಕ, ಮೈಬಿಸಿ, ಹಾಲು ಕುಡಿಯುವುದನ್ನು ನೋಡುವ ಆ ಭೇಟಿಗಳಲ್ಲಿ ತಾಯಿ ಎಷ್ಟು ಹೊತ್ತು ಮಲಗಿದಳು, ಕೂಸನ್ನು ಯಾರು ಹಿಡಿಯುತ್ತಾರೆ ಎಂದೂ ಕೇಳುವಂತಾಗಬೇಕು. ಎತ್ತಿಕೊಂಡರೂ ಸಮಾಧಾನವಾಗದ ಅಳು, ಹಾಲು ಬಿಡುವುದು, ಜ್ವರ ಅಥವಾ ಮೈ ತಣ್ಣಗಾಗುವುದು, ಎಬ್ಬಿಸಿದರೂ ಏಳದ ಮಂಪರು, ಹಸಿರು ವಾಂತಿ, ನಿಮಿಷಕ್ಕೆ 60 ಮೀರಿದ ಉಸಿರು, ಎರಡು ವಾರವಾದರೂ ಹುಟ್ಟಿದಾಗಿನ ತೂಕಕ್ಕೆ ಮರಳದಿರುವುದು ಕಂಡರೆ ಅದು ನಿದ್ದೆಯ ತೊಂದರೆಯಲ್ಲ. ದೃಷ್ಟಿ ತೆಗೆಯುತ್ತ ಕೂರದೆ ತಾಲ್ಲೂಕು ಆಸ್ಪತ್ರೆಗೆ ಅಥವಾ ಹಾಸನದ ಜಿಲ್ಲಾ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು. ತಾಯಿಯೇ ಹಗಲಿರುಳು ಅಳುತ್ತಿದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ ಅವಳಿಗೂ ಅಷ್ಟೇ ಬೇಗ ವೈದ್ಯರ ನೆರವು ಬೇಕು.