ದುರ್ಗದ ಕಥೆಗೆ ಯಾವ ಕನ್ನಡ?

ತ.ರಾ.ಸು. ಅವರ ‘ದುರ್ಗಾಸ್ತಮಾನ’ ಪ್ರಕಟವಾದದ್ದು 1982ರಲ್ಲಿ. ಅವರು ತೀರಿಕೊಂಡ ಮರುವರ್ಷ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1779ರಲ್ಲಿ ಚಿತ್ರದುರ್ಗದ ಕೋಟೆ ಹೈದರಾಲಿಯ ವಶವಾದ ಕಥೆಯನ್ನು ಓದುಬರಹ ಬಲ್ಲವರು ಇವತ್ತಿಗೂ ಬಹುಮಟ್ಟಿಗೆ ಈ ಕಾದಂಬರಿಯ ಮೂಲಕವೇ ನೆನೆಯುತ್ತಾರೆ. ಬತೇರಿ, ಬಾಗಿಲು, ಹೊಂಡಗಳ ವಿಚಾರದಲ್ಲಿ ತ.ರಾ.ಸು. ಊರಿನವರಷ್ಟೇ ನಿಷ್ಠರು. ಭಾಷೆಯ ವಿಚಾರದಲ್ಲಿ ಮಾತ್ರ ಹಾಗಲ್ಲ. ಮಾತುಕತೆಯಲ್ಲಿ ಆಡುನುಡಿಯ ಸೋಂಕು ಅಲ್ಲಲ್ಲಿ ಬಂದರೂ ಕಥೆಯನ್ನು ನಡೆಸುವುದು ಉದ್ದಕ್ಕೂ ಶಿಷ್ಟ ಕನ್ನಡವೇ. ದುರ್ಗದ ಬಗ್ಗೆ ಬರೆದ ಅತಿ ದೊಡ್ಡ ಕಾದಂಬರಿಯಲ್ಲಿ ದುರ್ಗದ ಮಾತಿಗೆ ನಿರೂಪಕನ ಕೆಲಸ ಸಿಗಲಿಲ್ಲ. ಇದು ತ.ರಾ.ಸು. ಒಬ್ಬರ ಆಯ್ಕೆ ಅಲ್ಲ, ನಮ್ಮ ಗದ್ಯದ ರೂಢಿ. ಹಳ್ಳಿಯವನ ‘ಐತೆ’ ಉದ್ಧರಣ ಚಿಹ್ನೆಯೊಳಗೆ ಇರಬೇಕು, ಅದರಾಚೆ ‘ಇದೆ’ಯೇ ಆಳಬೇಕು. ಈ ರೂಢಿಯ ಹಿಂದಿರುವ ನಂಬಿಕೆ ಸುಳ್ಳು, ಅದರಿಂದ ನಮ್ಮ ಗದ್ಯಕ್ಕೆ ನಷ್ಟವಾಗಿದೆ ಎಂಬುದು ನನ್ನ ವಾದ.

ಆ ನಂಬಿಕೆ ಏನೆಂದರೆ, ಆಡುಮಾತು ಶಿಷ್ಟ ಕನ್ನಡದ ಕೆಟ್ಟ ರೂಪ ಎಂಬುದು. ಹಿರಿಯೂರು, ಹೊಳಲ್ಕೆರೆಯ ಸಂತೆಗಳಲ್ಲಿ ಕಿವಿಗೆ ಬೀಳುವ ಮಾತನ್ನೇ ಪರೀಕ್ಷೆಗೆ ಹಚ್ಚಬಹುದು. ಅಲ್ಲಿ ಮೇಲೆ ಎಂಬುದು ‘ಮ್ಯಾಲೆ’, ಪೇಟೆ ‘ಪ್ಯಾಟೆ’, ಕೋಣ ‘ಕ್ವಾಣ’, ತೋಟ ‘ತ್ವಾಟ’. ಓದಿದವರಿಗೆ ಇದು ನಾಲಿಗೆ ತಿದ್ದಿಕೊಳ್ಳದವರ ಉಚ್ಚಾರ. ಆದರೆ ಅದೇ ನಾಲಿಗೆ ಬೇಲಿಯನ್ನು ‘ಬ್ಯಾಲಿ’ ಮಾಡುವುದಿಲ್ಲ, ಕೋಳಿಯನ್ನು ‘ಕ್ವಾಳಿ’ ಮಾಡುವುದಿಲ್ಲ. ಬೇವು, ಕೋಲು ಹಾಗೆಯೇ ಉಳಿಯುತ್ತವೆ. ಮುಂದಿನ ಅಕ್ಷರದಲ್ಲಿ ಅಕಾರವೋ ಎಕಾರವೋ ಇದ್ದರೆ ಮೊದಲ ಸ್ವರ ಹೊರಳುತ್ತದೆ, ಇಕಾರ ಉಕಾರ ಇದ್ದರೆ ಹೊರಳುವುದಿಲ್ಲ. ಹಾಗಾದರೆ ಬೇಸಿಗೆ ‘ಬ್ಯಾಸಿಗೆ’ ಆದದ್ದು ಹೇಗೆ? ಅದರ ಹಳೆಯ ರೂಪ ಬೇಸಗೆ. ಅಚ್ಚಿನ ಕನ್ನಡ ಮರೆತ ಅಕಾರದ ಗುರುತನ್ನು ಸಂತೆಯ ಕನ್ನಡ ಉಳಿಸಿಕೊಂಡಿದೆ. ಈ ನಿಯಮ ದುರ್ಗದ ಸೀಮೆಗಷ್ಟೇ ಸೇರಿದ್ದಲ್ಲ, ಕನ್ನಡನಾಡಿನ ಬಹುಭಾಗದ ಹಳ್ಳಿಮಾತಿನಲ್ಲಿದೆ. ಇಷ್ಟು ಶಿಸ್ತಾದ ನಿಯಮವನ್ನು ತಪ್ಪು ಎನ್ನಲಾಗದು. ಶಿಷ್ಟವೂ ಆಡುಮಾತೂ ಒಂದೇ ಹಳಗನ್ನಡದಿಂದ ಬೇರೆಬೇರೆ ದಾರಿ ಹಿಡಿದು ಬಂದವು. ಒಂದು ಇನ್ನೊಂದರ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ.

ಸಿಸಿಲಿಯ ನುಡಿಯ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಿಸಿಲಿಯನ್ ನುಡಿಯನ್ನು ಇಟಾಲಿಯನ್ನಿನ ಉಪಭಾಷೆ ಎನ್ನುವ ರೂಢಿ ಇದ್ದರೂ ಅದು ಇಟಾಲಿಯನ್ನಿನಿಂದ ಹುಟ್ಟಿದ್ದಲ್ಲ, ನೇರವಾಗಿ ಲ್ಯಾಟಿನ್ನಿನಿಂದ ಬಂದದ್ದು. 13ನೇ ಶತಮಾನದಲ್ಲಿ ಎರಡನೇ ಫ್ರೆಡ್ರಿಕ್‌ನ ಆಸ್ಥಾನದ ಕವಿಗಳು ಅದರಲ್ಲಿ ಬರೆದರು; ಸಾನೆಟ್ ರೂಪವನ್ನು ಕಟ್ಟಿದವನೆಂದು ಹೆಸರಾದ ಜಾಕೊಮೊ ದ ಲೆಂತೀನಿ ಆ ಗುಂಪಿನವನೇ. ಆಮೇಲೆ ದಾಂತೆಯ ಸೀಮೆಯಾದ ಟಸ್ಕನಿಯ ನುಡಿ ಸಾಹಿತ್ಯದ ಬಲದಿಂದ ಮೇಲೇರಿತು, 1861ರಲ್ಲಿ ಇಟಲಿ ಒಂದಾದ ಮೇಲೆ ಶಾಲೆ, ಕಚೇರಿಗಳ ನುಡಿಯಾಯಿತು. ಇಟಲಿ 1999ರಲ್ಲಿ ಕಾನೂನು ಮಾಡಿ ಹನ್ನೆರಡು ಅಲ್ಪಸಂಖ್ಯಾತ ನುಡಿಗಳಿಗೆ ರಕ್ಷಣೆ ಕೊಟ್ಟಾಗಲೂ ಸಾರ್ಡಿನಿಯನ್ ಪಟ್ಟಿಗೆ ಸೇರಿತು, ಸಿಸಿಲಿಯನ್ ಸೇರಲಿಲ್ಲ. ಅಂಚಿನ ಸಿಸಿಲಿ ಸಾನೆಟ್ ಕೊಟ್ಟಂತೆ ನಮ್ಮಲ್ಲೂ ಶಿಷ್ಟವನ್ನು ಕಟ್ಟಿದವರಲ್ಲಿ ಅಂಚಿನ ಊರುಗಳವರಿದ್ದರು. ಕುವೆಂಪು ‘ಶ್ರೀರಾಮಾಯಣ ದರ್ಶನಂ’ ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯ ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದವರು, ತ.ರಾ.ಸು. ಅವರ ದೊಡ್ಡಪ್ಪ. ಹೋಲಿಕೆಯನ್ನು ಇದಕ್ಕಿಂತ ಹೆಚ್ಚು ಎಳೆಯಬಾರದು. ದುರ್ಗದ ಮಾತು ಬೇರೆ ಭಾಷೆಯಲ್ಲ, ಬೆಂಗಳೂರಿನವರಿಗೆ ಅರ್ಥವಾಗದ್ದೂ ಅಲ್ಲ. ಬೇರೆ ಮಾನ್ಯತೆ ಕೇಳುವ ಪ್ರಶ್ನೆಯೇ ಇಲ್ಲ. ಕೇಳುತ್ತಿರುವುದು ಗದ್ಯದಲ್ಲಿ ಜಾಗ.

ಇದಕ್ಕೆ ಬರುವ ಮೊದಲ ಆಕ್ಷೇಪ, ಐತಿಹಾಸಿಕ ಕಾದಂಬರಿಗೆ ಗಾಂಭೀರ್ಯ ಬೇಕು, ಆಡುಮಾತಿನಲ್ಲಿ ಅದು ಬಾರದು ಎಂಬುದು. ಉತ್ತರ ಪಕ್ಕದ ಕೂಡ್ಲಿಗಿ ಸೀಮೆಯಲ್ಲಿದೆ. ಕುಂ. ವೀರಭದ್ರಪ್ಪನವರ ‘ಅರಮನೆ’ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಕಾಲದ ಕಥೆಯನ್ನು ಆ ಕಡೆಯ ಮಾತಿನಲ್ಲೇ ನಿರೂಪಿಸಿ 2007ರಲ್ಲಿ ಅದೇ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದರ ವಾಕ್ಯಗಳು ಕೆಲವೆಡೆ ದಣಿಸುತ್ತವೆ, ನಿಜ. ಆದರೆ ದಣಿವು ಬರುವುದು ಉದ್ದದಿಂದ, ಆ ಮಾತಿನಿಂದಲ್ಲ. ಹೊರಗಿನ ಓದುಗರಿಗೆ ತಿಳಿಯುವುದಿಲ್ಲ ಎಂಬ ಇನ್ನೊಂದು ಮಾತಿದೆ. ಆಂದ್ರೆಯಾ ಕಮಿಲ್ಲೇರಿ ಇಟಾಲಿಯನ್ನಿಗೆ ಸಿಸಿಲಿಯನ್ ಬೆರೆಸಿಯೇ ಪತ್ತೇದಾರಿ ಕಾದಂಬರಿಗಳನ್ನು ಬರೆದರು, ಇಡೀ ಇಟಲಿ ಕೊಂಡು ಓದಿತು. ಓದುಗ ನಾವು ಎಣಿಸಿದಷ್ಟು ಸೋಮಾರಿಯಲ್ಲ.

ಗಟ್ಟಿಯಾದ ಆಕ್ಷೇಪ ಮೂರನೆಯದು: ದುರ್ಗದ ಕನ್ನಡ ಎಂದರೆ ಯಾವುದು? ಹಿರಿಯೂರಿನ ಮಾತು ತುಮಕೂರಿನ ಕಡೆ ವಾಲುತ್ತದೆ, ಹೊಳಲ್ಕೆರೆಯದು ದಾವಣಗೆರೆಯ ಕಡೆ. ಕಾಡುಗೊಲ್ಲರ ಹಟ್ಟಿಯ ಮಾತು ಬೇರೆ, ಪೇಟೆಯದು ಬೇರೆ. ಒಪ್ಪಬೇಕಾದ್ದೇ. ಆದರೆ ಶಿಷ್ಟವೂ ಹಲವು ಬಗೆಗಳಲ್ಲಿ ಒಂದನ್ನು ಆರಿಸಿಕೊಂಡದ್ದರ ಫಲ. ಆ ಆಯ್ಕೆಯನ್ನು ಪಠ್ಯಪುಸ್ತಕ, ಪತ್ರಿಕೆಗಳು ಗಟ್ಟಿ ಮಾಡಿದವು. ಕಾದಂಬರಿಕಾರ ಜಿಲ್ಲೆಗೆಲ್ಲ ವ್ಯಾಕರಣ ಬರೆದುಕೊಡಬೇಕಿಲ್ಲ, ಒಂದು ಹಟ್ಟಿಯ ಮಾತಿಗೆ ನಿಷ್ಠನಾದರೆ ಸಾಕು.

ಒಂದು ಕಡೆ ಮಾತ್ರ ಈ ಜಿಲ್ಲೆಯ ನುಡಿಗೆ ಅಚ್ಚಿನಲ್ಲಿ ತಡೆ ಇರಲಿಲ್ಲ: ಜಾನಪದದಲ್ಲಿ. ಓದುಬರಹ ಕಲಿಯದ ಕಾಡುಗೊಲ್ಲರ ಸಿರಿಯಜ್ಜಿ ನೆನಪಿನಿಂದ ಹಾಡಿದ್ದನ್ನು ಕೃಷ್ಣಮೂರ್ತಿ ಹನೂರು ‘ಸಾವಿರದ ಸಿರಿಬೆಳಗು’ ಎಂದು ಪುಸ್ತಕವಾಗಿಸಿದರು. ಹಾಡಿಗೆ ಸಲ್ಲುವ ನುಡಿ ವಿಚಾರಕ್ಕೆ ಸಲ್ಲದು ಎಂಬ ಹಂಚಿಕೆ ನಮ್ಮದು. ಅದೇ ನನ್ನ ತಕರಾರು. ಈ ವಿಮರ್ಶೆಯೂ ಶಿಷ್ಟದಲ್ಲೇ ಇರುವುದು ಆ ಹಂಚಿಕೆ ಎಷ್ಟು ಬಿಗಿಯಾಗಿದೆ ಎಂಬುದಕ್ಕೆ ಸಾಕ್ಷಿ. ‘ದುರ್ಗಾಸ್ತಮಾನ’ ಕಥನದಲ್ಲಿ ದೊಡ್ಡ ಕೃತಿ, ಭಾಷೆಯಲ್ಲಿ ಅಂಜಿದ ಕೃತಿ. ಅದನ್ನು ಓದುವವರು ಸಿರಿಯಜ್ಜಿಯ ಹಾಡುಗಳನ್ನೂ ಪಕ್ಕಕ್ಕಿಟ್ಟುಕೊಂಡು, ಗಟ್ಟಿಯಾಗಿ ಓದಿ ನೋಡಲಿ.