ಔಷಧವೋ, ಒಡನಾಟವೋ?

ಕ್ರಿ.ಶ. 1150ರ ಸುಮಾರಿಗೆ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಿಸಿ ‘ಕಲ್ಯಾಣಕಾರಕ’ವನ್ನು ರಚಿಸಿದನು. ಮದ್ಯಮಾಂಸಗಳನ್ನು ವರ್ಜಿಸಿದ ಚಿಕಿತ್ಸೆಯೆಂದು ಅದನ್ನು ಹೊಗಳುವುದು ವಾಡಿಕೆ. ಇದರಿಂದ ಔಷಧವೇ ಬೇಡವೆಂಬ ಅರ್ಥ ತೆಗೆಯುವವರು ಮಾತ್ರ ಗ್ರಂಥವನ್ನು ಓದಿದವರಲ್ಲ. ಅದು ಔಷಧಗಳದೇ ಗ್ರಂಥ.

ಇಂಗ್ಲೆಂಡಿನ 2022ರ ವೈದ್ಯ ಮಾರ್ಗಸೂಚಿಯು, ಕಡಿಮೆ ತೀವ್ರತೆಯ ಖಿನ್ನತೆಗೆ ರೋಗಿಯೇ ಬಯಸಿದ ಹೊರತು ಮಾತ್ರೆಯನ್ನು ಮೊದಲ ಉಪಾಯವಾಗಿ ವಾಡಿಕೆಯಂತೆ ಕೊಡಲಾಗದೆಂದು ಹೇಳಿ, ಸಮಾಲೋಚನೆ, ಗುಂಪಿನ ವ್ಯಾಯಾಮ ಮುಂತಾದವನ್ನು ಮುಂದಿಟ್ಟಿತು. ರೋಗಿಯನ್ನು ಸ್ಥಳೀಯ ಸಂಘಸಂಸ್ಥೆಗಳೊಡನೆ ಬೆಸೆಯುವ ಕಾರ್ಯಕರ್ತರು ಅಲ್ಲಿನ ವೈದ್ಯರ ಬಳಿಯಲ್ಲೇ ಇದ್ದಾರೆ. ನಂದಿನಿ ಲೇಔಟಿನ ವೈದ್ಯರೊಬ್ಬರು ಒಂಟಿಯಾಗಿರುವ ವೃದ್ಧೆಗೆ ‘ನಾಲ್ಕು ಜನರೊಡನೆ ಬೆರೆಯಿರಿ ಅಮ್ಮಾ’ ಎಂದರೆ, ಆ ತಾಯಿ ಹೋಗುವುದಾದರೂ ಎಲ್ಲಿಗೆ? ಮಾತ್ರೆಗಾದರೆ ಬೀದಿಗೊಂದು ಅಂಗಡಿಯುಂಟು. ಹೀಗಿರುವಾಗ ಚೀಟಿ ಬರೆದುಕೊಟ್ಟ ವೈದ್ಯರನ್ನಷ್ಟೇ ದೂರುವುದು ನ್ಯಾಯವಲ್ಲ.

ಚತುರ್ವಿಧ ದಾನಗಳಲ್ಲಿ ಔಷಧದಾನವೆಂದರೆ ಮದ್ದಿನ ಬೆಲೆ ತೆರುವುದೆಂದೇ ನಮ್ಮ ಟ್ರಸ್ಟುಗಳು ತಿಳಿದಂತಿದೆ. ಪರ್ವದಿನಗಳಲ್ಲಿ ತುಂಬಿ ತುಳುಕುವ ಎಷ್ಟೋ ಸಭಾಭವನಗಳಿಗೆ ಉಳಿದ ಮಧ್ಯಾಹ್ನಗಳಲ್ಲಿ ಬೀಗ. ವಾರಕ್ಕೆರಡು ದಿನ ಬಾಗಿಲು ತೆರೆದು, ಸಮೀಪದ ವೈದ್ಯರಿಗೆ ತಿಳಿಸಿದರೆ ಅವರ ಸಲಹೆಗೊಂದು ವಿಳಾಸ ದೊರೆತೀತು. ಆದರೆ ಭಜನೆಯಿಂದ ಗುಣವಾಯಿತೆಂದು ಮನೆಯವರೇ ತೀವ್ರ ರೋಗಿಯ ಮಾತ್ರೆ ಬಿಡಿಸುವುದು ಅಪಾಯಕರ. ಯಾವಾಗ, ಎಷ್ಟು ಇಳಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು.