ಗಂಟು ಹಗುರ, ಹೆಗಲು ಯಾರದು?

ಚಳ್ಳಕೆರೆಯಲ್ಲಿ ಕೊಂಡ ಕರಿಕಂಬಳಿಯೊಂದು ನಮ್ಮ ಮನೆಯಲ್ಲಿ ಮೂವತ್ತು ವರ್ಷ ಇತ್ತು. ಅದರ ಒಂದು ತುದಿಯನ್ನು ಮಡಚಿ, ಮೂಲೆ ಸೇರಿಸಿ ತಲೆಗೇರಿಸಿಕೊಂಡರೆ ಕೊಪ್ಪೆ. ಮಳೆಗೆ ಬೇರೆ ಕೊಡೆ ಬೇಡ. ರಾತ್ರಿ ಅರ್ಧ ಹಾಸಿ ಅರ್ಧ ಹೊದ್ದರೆ ಹಾಸಿಗೆಯ ಕೆಲಸ ಮುಗಿಯಿತು. ಹಾದಿಯಲ್ಲಿ ಕುರಿ ಈದರೆ ಇನ್ನೂ ಮೈ ಆರದ ಮರಿಯನ್ನು ಹೊತ್ತು ನಡೆಯುವ ಜೋಳಿಗೆಯೂ ಅದೇ. ಹಬ್ಬದ ದಿನ ಮಡಚಿ ಹಾಕಿದರೆ ದೇವರಿಗೆ ಗದ್ದುಗೆ. ಕುರಿ ಕಾಯುವವನೊಬ್ಬ ಇಷ್ಟನ್ನೂ ಒಂದೇ ಹೆಗಲ ಮೇಲೆ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ಹೊರಟುಬಿಡುತ್ತಾನೆ.

ವಿದೇಶ ಪ್ರವಾಸಕ್ಕೆ ಹೊರಡುವವರಿಗೆ ಈಗ ಎಲ್ಲೆಡೆ ಸಿಗುವ ಉಪದೇಶವೂ ಇದೇ. ಒಂದೇ ಚೀಲ ಒಯ್ಯಿರಿ, ವಿಮಾನದೊಳಗೆ ಕೈಚೀಲಕ್ಕೆ ಬಿಡುವ 7 ಕಿಲೋದಲ್ಲಿ ಮುಗಿಸಿ, ಎರಡು ಕೆಲಸಕ್ಕೆ ಬಾರದ ವಸ್ತುವನ್ನು ಮನೆಯಲ್ಲೇ ಬಿಡಿ. ಕೇಳಲು ಚೆನ್ನಾಗಿದೆ, ಕಾಲಿಗೂ ಬೆನ್ನಿಗೂ ಹಿತ. ಆದರೆ ಆ ಉಪದೇಶದ ಕೊನೆಗೆ ತಪ್ಪದೆ ಒಂದು ಮಾತು ಬರುತ್ತದೆ: ಬೇಕಾದ್ದು ಅಲ್ಲೇ ಕೊಂಡರಾಯಿತು. ನನ್ನ ತಕರಾರು ಈ ಮಾತಿನ ಮೇಲೆ. ಡಾಲರಿನಲ್ಲೋ ಯೂರೋದಲ್ಲೋ ಕೊಳ್ಳುವ ಶಕ್ತಿ ಜೇಬಿನಲ್ಲಿದ್ದರೆ ಚೀಲ ತಾನಾಗಿ ಹಗುರವಾಗುತ್ತದೆ. ಅದನ್ನು ಜಾಣತನವೆನ್ನಬಹುದು, ಸರಳತೆಯೆನ್ನಲು ನನಗೆ ಮನಸ್ಸು ಬಾರದು.

ಕುರಿಗಾರನ ಹಗುರದ ಹಿಂದೆ ಇರುವುದೇ ಬೇರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಮೇವು ತೀರಿದರೆ ಮಂದೆ ಊರು ಬಿಡಲೇಬೇಕು. ಹೋದ ಊರಿನ ರೈತ ತನ್ನ ಹೊಲದಲ್ಲಿ ರಾತ್ರಿ ಕುರಿ ತರುಬಿಸಿಕೊಳ್ಳುತ್ತಾನೆ. ಹಿಕ್ಕೆ, ಗಂಜಲ ಬಿದ್ದ ನೆಲ ಮುಂದಿನ ಬೆಳೆಗೆ ಹದವಾಗುತ್ತದೆ. ಅದಕ್ಕೆ ಪ್ರತಿಯಾಗಿ ಕಾಳೋ ಕಾಸೋ ಸಿಗುತ್ತದೆ. ಅಂದರೆ ಮುಂದಿನ ಊರಿಗೆ ತಾನು ಬೇಕಾದವನು ಎಂಬ ಭರವಸೆಯಿಂದ ಅವನ ಗಂಟು ಸಣ್ಣದಾಗಿದೆ. ಹೋದಲ್ಲಿ ಅವನು ಬರೀ ಗಿರಾಕಿಯಲ್ಲ.

ಕಂಬಳಿಯಲ್ಲಿ ಕೂತು ಉಣ್ಣುವಾಗ ಕೂದಲು ಎಣಿಸಬಾರದು ಎನ್ನುತ್ತಾರೆ. ವಿಮರ್ಶೆಗೆ ಕೂತ ಮೇಲೆ ಎಣಿಸದೆ ವಿಧಿಯಿಲ್ಲ. ಹೊಸ ಕಂಬಳಿ ಮೈಗೆ ಚುಚ್ಚುತ್ತದೆ. ಹುಣಸೆಬೀಜದ ಗಂಜಿ ಕುಡಿಸಿದ ಹಾಸುನೂಲಿನಿಂದ ನೆಯ್ದ ಕಂಬಳಿ ಸಣ್ಣ ಮಳೆಯನ್ನು ಹನಿಹನಿಯಾಗಿ ಜಾರಿಸಿಬಿಡುತ್ತದೆ, ನಿಜ. ಇಡೀ ದಿನ ಸುರಿದರೆ ನೀರು ಕುಡಿದು ಹೊರಲಾರದಷ್ಟು ಭಾರವಾಗುತ್ತದೆ, ಒಣಗಲು ಎರಡು ದಿನದ ಬಿಸಿಲು ಬೇಕು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಸಂಸಾರ ಕಟ್ಟಿಕೊಂಡು ದೂರ ಹೋಗುವ ತಂಡಗಳಲ್ಲಿ ಗಂಡಸು ಕಂಬಳಿ, ಕೋಲಿನೊಡನೆ ಮುಂದೆ ನಡೆದರೆ, ಪಾತ್ರೆ, ಹಿಟ್ಟಿನ ಚೀಲ, ಕೂಸು ಎಲ್ಲ ಹಿಂದೆ ಬರುತ್ತವೆ; ಕತ್ತೆಯ ಬೆನ್ನ ಮೇಲೆ, ಹೆಂಗಸಿನ ತಲೆಯ ಮೇಲೆ. ಇಳಿದಲ್ಲಿ ಒಲೆ ಹೂಡುವವಳೂ ಅವಳೇ. ಕುರಿಗಾರನ ಅಲೆದಾಟವನ್ನು ಸ್ವಾತಂತ್ರ್ಯವೆಂದು ಹಾಡಿಹೊಗಳುವವರ ಕಣ್ಣಿಗೆ ಈ ತಲೆಹೊರೆ ಬೀಳುವುದೇ ಇಲ್ಲ. ಹಗುರ ಗಂಟು ಕಂಡಾಗೆಲ್ಲ ಉಳಿದದ್ದನ್ನು ಹೊತ್ತವರು ಯಾರು ಎಂದು ನಾನು ಹಿಂದಕ್ಕೆ ತಿರುಗಿ ನೋಡುವುದು ಇದಕ್ಕೇ.

ದೂರದ ಪಯಣ ಈ ಸೀಮೆಗೆ ಹೊಸದೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ 256 ಎಂಬ ಅಂಕೆಯಿದೆ. ಯಾತ್ರೆಯಲ್ಲಿ ಕಳೆದ 256 ರಾತ್ರಿಗಳು ಎಂದು ವಿದ್ವಾಂಸರಲ್ಲಿ ಹಲವರು ಅದನ್ನು ಅರ್ಥೈಸಿದ್ದಾರೆ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಚಪಡ ಎಂಬಾತ, ಕೊನೆಯಲ್ಲಿ ತಾನು ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಬಲದಿಂದ ಎಡಕ್ಕೆ ಹರಿಯುವ ಆ ಲಿಪಿ ಗಾಂಧಾರದ್ದು, ಇವತ್ತಿನ ಪಾಕಿಸ್ತಾನದ ವಾಯುವ್ಯದ ಕಡೆಯದು. ಅಷ್ಟು ದೂರದಿಂದ ಬಂದವನೋ, ಆ ಕಡೆ ಅಕ್ಷರ ಕಲಿತವನೋ, ಅವನ ಗಂಟಿನಲ್ಲಿ ಏನಿತ್ತೋ ಹೇಳಲಾಗದು. ಆ ಒಂದು ಪದವಂತೂ ಇನ್ನೂ ಇಲ್ಲಿದೆ.

ನಮ್ಮವ್ವ ಅಮೆರಿಕಕ್ಕೆ ನಮ್ಮಕ್ಕನ ಬಾಣಂತನಕ್ಕೆ ಹೊರಟಾಗ 23 ಕಿಲೋದ ಎರಡು ಸೂಟ್‌ಕೇಸುಗಳು ಮೂರು ತಿಂಗಳು ಪಡಸಾಲೆಯಲ್ಲಿ ಬಾಯಿ ತೆರೆದು ಬಿದ್ದಿದ್ದವು. ಒಂದು ದಿನ ಶೇಂಗಾ ಚಟ್ನಿಪುಡಿ ಒಳಕ್ಕೆ ಹೋಗುವುದು, ಮರುದಿನ ಬಾಣಂತಿ ಖಾರಕ್ಕೆ ಜಾಗ ಬಿಡಲು ಅದೇ ಪುಡಿ ಹೊರಕ್ಕೆ. ಮಗಳಿಗೆಂದು ತಂದ ಮೊಳಕಾಲ್ಮೂರು ರೇಷ್ಮೆ ಸೀರೆಯನ್ನು ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದಳು. ವಾರಕ್ಕೊಮ್ಮೆ ಬಿಚ್ಚಿ, ಹಳೆಯ ಗೆರೆಯ ಮೇಲೆ ಜರಿ ಮುರಿಯದ ಹಾಗೆ ಬೇರೆ ಕಡೆ ಮಡಚಿ, ಅಂಗೈಯಿಂದ ಒತ್ತಿ ಮತ್ತೆ ಸುತ್ತುತ್ತಿದ್ದಳು. ಪ್ರತಿ ಸಲ ಬಿಚ್ಚಿದಾಗಲೂ ಅಲ್ಲಿನ ಚಳಿ ಎಂಥದು, ಕಿಟಕಿಯಲ್ಲಿ ಏನು ಕಾಣುತ್ತದೆ ಎಂದು ಕೇಳುತ್ತಿದ್ದಳು. ಚಿತ್ರದುರ್ಗ ದಾಟಿದ್ದೇ ಅಪರೂಪವಾಗಿದ್ದ ಹೆಂಗಸಿಗೆ ಆ ಮೂರು ತಿಂಗಳ ಜೋಡಣೆಯೇ ಪ್ರವಾಸದ ಅರ್ಧ ಭಾಗ. ಅವಳಿಗೆ 7 ಕಿಲೋದ ಪಾಠ ಹೇಳುವುದು ಕ್ರೂರವಾಗುತ್ತಿತ್ತು. ಮೊದಲ ಸಲ ಕಡಲು ದಾಟುವವರ ಕನಸಿಗೆ ತೂಕವಿರುತ್ತದೆ, ಅದಕ್ಕೆ ಜಾಗ ಕೊಡಬೇಕು. ಹಾಗೆಂದು ಎಲ್ಲವನ್ನೂ ಒಪ್ಪಿಕೊಳ್ಳಲಾರೆ. ಅಕ್ಕ ಕಳಿಸಿದ ಪಟ್ಟಿಯಲ್ಲಿ ಅವಳ ಗೆಳತಿಯರು ಬೇಡಿದ ಸಾಮಾನೇ ಹತ್ತು ಕಿಲೋದಷ್ಟಿತ್ತು. ಮೊಣಕಾಲು ನೋವಿನ ಅವ್ವ ಅದನ್ನೂ ಎಳೆದುಕೊಂಡು ಹೋಗಬೇಕಿತ್ತು.

ವಿಮಾನ ನಿಲ್ದಾಣದ ತಕ್ಕಡಿಯಲ್ಲಿ ಒಂದು ಪೆಟ್ಟಿಗೆ ಮೂರು ಕಿಲೋ ಹೆಚ್ಚು ತೂಗಿತು. ಕೌಂಟರಿನವರು ಒಪ್ಪಲಿಲ್ಲ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿರುವಾಗ ಅವ್ವ ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದಳು. ನಾನು ಬೇರೆಯವರ ಡಬ್ಬಗಳಿಗೆ ಕೈ ಹಾಕಿದರೆ ತಡೆದು, ತನ್ನ ಎರಡು ಸ್ವೆಟರು, ಒಂದು ಶಾಲು ತೆಗೆದು ನನ್ನ ಕೈಗಿಟ್ಟಳು. ಅಷ್ಟಕ್ಕೆ ತೂಕ ಇಳಿಯಲಿಲ್ಲ. ಕೊನೆಗೆ ತಳದಿಂದ ಮನೆಯ ಆ ಕರಿಕಂಬಳಿ ಎಳೆದು ಕೊಡವಿ, ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡಳು. ಹೆಗಲ ಮೇಲಿನದನ್ನು ಯಾರೂ ತೂಗಲಿಲ್ಲ.

ಆರು ತಿಂಗಳಾದ ಮೇಲೆ ಒಂದು ಸೂಟ್‌ಕೇಸಿನೊಳಗೆ ಇನ್ನೊಂದನ್ನು ಇಟ್ಟು ತಂದಳು. ಕಂಬಳಿ ಅಕ್ಕನ ಮನೆಯಲ್ಲೇ ಉಳಿಯಿತು. ಹೊಸದು ಕೊಳ್ಳಲು ಇಬ್ಬರೂ ಚಳ್ಳಕೆರೆಗೆ ಹೋದೆವು. ಅಂಗಡಿಯ ಮುಂದೆ ತೂಗುಬಿಟ್ಟದ್ದೆಲ್ಲ ಮಿಲ್ಲಿನ ಬಣ್ಣದ ರಗ್ಗುಗಳು. ಮಾಂಸಕ್ಕೆಂದು ಬೇರೆ ತಳಿಯ ಕುರಿ ಸಾಕುವುದು ಹೆಚ್ಚಿದ ಮೇಲೆ ಕರಿ ಉಣ್ಣೆ ಕಡಿಮೆ, ನೂಲುವ ಕೈಗಳೂ ಕಡಿಮೆ. ಕೈಮಗ್ಗದ್ದು ಬೇಕೆಂದಾಗ ಅಂಗಡಿಯಾತ ಒಳಗಿನಿಂದ ಎರಡು ತಂದು ಹಾಸಿದ. ಅವ್ವ ಎರಡನ್ನೂ ಮುಖದ ಹತ್ತಿರ ಹಿಡಿದು ಮೂಸಿ, ಹುಣಸೆಬೀಜದ ಗಂಜಿಯ ವಾಸನೆ ಸಿಕ್ಕಿದ್ದಕ್ಕೆ ದುಡ್ಡು ಕೊಟ್ಟಳು.